ಸಹಿ ಬೇಡದ ಕ್ಲಿನಿಕ್ಕು

ನೆಬ್ರಾಸ್ಕಾದ ಒಂದು ಪುಟ್ಟ ಊರಿನಲ್ಲಿ ನರ್ಸ್ ಡಾರ್ಲಾ ಕುಬಿಚೆಕ್ ಹದಿನೈದು ವರ್ಷ ರೋಗಿಗಳನ್ನು ತಾನೇ ಪರೀಕ್ಷಿಸಿ, ಔಷಧಿಯನ್ನೂ ತಾನೇ ಬರೆದು, ಡಾಕ್ಟರ್ ವಿಟ್ಮರ್ ಅವರ ಸಹಿಗೆ ಕಾಯುತ್ತಿದ್ದಳು. ಅವರು ಓದದೆಯೇ ಸಹಿ ಹಾಕುತ್ತಿದ್ದರು. ಒಮ್ಮೆ ಅವಳ ಕಿರಾಣಿ ಪಟ್ಟಿಗೂ ಹಾಕಿದ್ದರು.

ಕಾನೂನು ಬದಲಾಯಿತು. ಅವಳಂಥ ನರ್ಸುಗಳು ಡಾಕ್ಟರ ಹಂಗಿಲ್ಲದೆ ಸ್ವಂತ ಕ್ಲಿನಿಕ್ ತೆರೆಯಬಹುದೆಂದಾಯಿತು. ವಿಟ್ಮರ್ ನಿವೃತ್ತರಾಗಿ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕೂತರು. ಡಾರ್ಲಾ ಹಳೆಯ ಕ್ಷೌರದಂಗಡಿಗೆ ಬಣ್ಣ ಹೊಡೆಸಿ ಬೋರ್ಡು ಹಾಕಿದಳು.

ಮೊದಲ ದಿನವೇ ಎದುರಿನ ಹಾರ್ಡ್‌ವೇರ್ ಅಂಗಡಿಯ ಆರ್ಡಿತ್ ಒಂದು ತಟ್ಟೆ ಕೊಲಾಚಿ ಎಂಬ ಸಿಹಿ ಬನ್ನು ತಂದು ಬಾಗಿಲ ಪಕ್ಕ ತಳವೂರಿದಳು. ಸಹಾಯ ಮಾಡುವುದು ಅವಳ ಉದ್ದೇಶ. ಬಂದವರ ಕೈಗೆಲ್ಲ ಸಿಹಿ ಕೊಟ್ಟು, ಡಾರ್ಲಾ ಬಂಗಾರದಂಥ ಹೆಂಗಸು, ಆದರೆ ಇಲ್ಲಿ ಡಾಕ್ಟರು ಮಾತ್ರ ಇಲ್ಲ ಎಂದು ತಿಳಿಸತೊಡಗಿದಳು. ಬಂದವರು ಸಿಹಿ ತಿಂದು, ಹೊಸ ಬಣ್ಣ ಹೊಗಳಿ, ಕೆಮ್ಮುತ್ತಲೇ ಮನೆಗೆ ಹೋದರು.

ಮಧ್ಯಾಹ್ನ ರೈತ ಎಲ್ಡನ್ ಬಂದ. ಎಡತೋಳು ನೋವು, ಮುಖ ಸುಣ್ಣದ ಗೋಡೆ. ಡಾರ್ಲಾ ಇಸಿಜಿ ತೆಗೆದು, ಆಸ್ಪಿರಿನ್ ಅಗಿಸಿ, ಆಂಬುಲೆನ್ಸ್ ಕರೆಸಿದಳು. ಎಲ್ಡನ್ ಮಂಚ ಬಿಟ್ಟು ಏಳಲೊಲ್ಲ.

"ಹಾರ್ಟ್ ಅಟ್ಯಾಕ್ ಅಂತ ಡಾಕ್ಟರು ಹೇಳ್ಲಿ, ಹೋಗ್ತೀನಿ. ನೀನು ಹೇಳಿದ್ರೆ ಹೆಂಗೆ? ನೀನು ಫ್ರಾಕ್ ಹಾಕೋ ಕಾಲದಿಂದ ನೋಡಿದೀನಿ ನಿನ್ನ."

ವಾದಿಸಲು ಸಮಯವಿರಲಿಲ್ಲ. ಡಾರ್ಲಾ ಅಭಿಮಾನ ನುಂಗಿಕೊಂಡು ಕೆರೆಗೆ ಫೋನ್ ಮಾಡಿದಳು.

"ನೀನೇನಂತೀಯಮ್ಮಾ?" ಎಂದರು ವಿಟ್ಮರ್.

"ಹಾರ್ಟ್ ಅಟ್ಯಾಕು. ಈಗಿಂದೀಗ್ಲೇ ಹೋಗ್ಬೇಕು."

"ಹಂಗಾದ್ರೆ ಅದೇ. ಫೋನ್ ಅವನಿಗೆ ಕೊಡು."

ಅದೇ ಮಾತನ್ನು ಗಂಡು ದನಿಯಲ್ಲಿ ಕೇಳಿದ ಎಲ್ಡನ್ ತೆಪ್ಪಗೆ ಆಂಬುಲೆನ್ಸ್ ಹತ್ತಿದ.

ಇನ್ನು ಅರ್ಧ ಗಂಟೆ ತಡವಾಗಿದ್ದರೆ ಆತ ಉಳಿಯುತ್ತಿರಲಿಲ್ಲವೆಂದು ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು. ಡಾರ್ಲಾ ಒಬ್ಬಳೇ ಕೂತು ಮನಸ್ಸು ಹಗುರಾಗಿ ಅತ್ತಳು. ಆರ್ಡಿತ್ ಸುದ್ದಿ ಹೇಳುತ್ತ ಊರೆಲ್ಲ ಸುತ್ತಿದಳು.

ಮರುದಿನ ಬೆಳಿಗ್ಗೆ ಸಾಲು ಬ್ಯಾಂಕಿನವರೆಗೆ ಬೆಳೆದಿತ್ತು. ಡಾರ್ಲಾಳ ಎದೆ ಉಬ್ಬಿತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಆರ್ಡಿತ್.

"ಮೀನು ಹಿಡೀತಾ ಕೂತಲ್ಲಿಂದ್ಲೇ ಎದೆ ರೋಗ ಕಂಡುಹಿಡಿದ್ರಲ್ಲ ನಮ್ಮ ವಿಟ್ಮರ್ರು. ನಂಗೂ ಅವರಿಗೊಂದು ಫೋನ್ ಹಚ್ಕೊಡು."

ಹನ್ನೊಂದನೆಯ ಫೋನಿಗೆ ವಿಟ್ಮರ್ ಸೋತರು. ಮೀನೆಲ್ಲ ಓಡಿಹೋಗುತ್ತಿವೆ, ಅದಕ್ಕಿಂತ ಅಲ್ಲೇ ಬಂದು ಕೂರುತ್ತೇನೆ ಎಂದು ಬಂದವರೇ, ಕಿಟಕಿ ಪಕ್ಕದ ಮೆತ್ತನೆ ಕುರ್ಚಿಯಲ್ಲಿ ಒರಗಿ ನಿದ್ದೆ ಹೋದರು.

ಡಾರ್ಲಾ ಆರ್ಡಿತ್‌ಳ ರಕ್ತದೊತ್ತಡ ನೋಡಿ, ಉಪ್ಪು ಬಿಡಬೇಕು, ದಿನಕ್ಕೊಂದು ಮಾತ್ರೆ ತಗೊಳ್ಳಬೇಕು ಎಂದಳು. ಆರ್ಡಿತ್ ಅನುಮಾನದಿಂದ ಕಿಟಕಿಯತ್ತ ತಿರುಗಿದಳು. ಅಷ್ಟರಲ್ಲಿ ತೂಕಡಿಕೆಯಲ್ಲಿ ವಿಟ್ಮರ್ ಅವರ ತಲೆ ಎದೆಯ ಮೇಲೆ ವಾಲಿತು.

"ನೋಡು, ಡಾಕ್ಟರೂ ಹೂಂ ಅಂತ ತಲೆಯಾಡ್ಸಿದ್ರು," ಎಂದು ಆರ್ಡಿತ್ ಕೈ ಚಾಚಿದಳು. "ಈಗ ಬರ್ಕೊಡು."