ಕ್ಯಾಪ್ಟನ್ ಸಾಹೇಬರ ಕಾರಿನ ಮೂಗು

ಊಹಿಸಿ ನೋಡೋಣ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಹೊಸದು, ಪ್ಲಗ್ಗುಗಳು ಫಳಫಳ ಹೊಳೆಯುತ್ತಿವೆ. ಆದರೂ ಕೆಂಪು ಕಾರೊಂದು ಗ್ಯಾರೇಜಿನ ಬಾಗಿಲಲ್ಲಿ, ನನಗೆ ಹೆಣ್ಣು ಕೊಡಬೇಕಾದವರ ಎದುರಿಗೇ, ಎರಡು ಸಲ ಕೆಮ್ಮಿ ಸುಮ್ಮನಾಯಿತು. ಏನಾಗಿರಬಹುದು? ಯೋಚಿಸುತ್ತಿರಿ. ಗ್ಯಾರೇಜಿನಲ್ಲಿ ದುಡಿದವನಿಗೆ ಇಂಥ ಪೇಚಾಟ ತಪ್ಪಿದ್ದಲ್ಲ. ನನಗಂತೂ ಆ ಒಂದೇ ಕಾರು ಮೂರು ಸಲ ಬೆವರಿಳಿಸಿತು.

೧. ತೋರಿಸಿ ನೋಡೋಣ

ಬಿ.ಎಸ್ಸಿ. ಮುಗಿಸಿ, ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದ ಶಿವಾಜಿನಗರದ ಒಂದು ಗ್ಯಾರೇಜಿಗೆ ಸೇರಿದ್ದೆ. "ಆಯುಧಪೂಜೆವರೆಗೂ ನೋಡ್ತೀನ್ರೀ. ಸರಿಹೋದ್ರೆ ಖಾಯಂ, ಇಲ್ದಿದ್ರೆ ನಮಸ್ಕಾರ" ಎಂದಿದ್ದರು ಮಾಲೀಕರು. ಅತ್ತ ಹೊರಮಾವಿನಲ್ಲಿ ಹೆಣ್ಣು ನೋಡಿ ಬಂದಾಗಿತ್ತು. ಹುಡುಗಿಯ ತಂದೆ ಹೊಲ, ತೋಟ ಇದ್ದ ಯಜಮಾನರು. ಅವರೂ "ಕೆಲಸ ಖಾಯಂ ಆಗ್ಲಿ, ಅವತ್ತೇ ತಾಂಬೂಲ" ಎಂದುಬಿಟ್ಟಿದ್ದರು. ಅಲ್ಲಿಗೆ ನನ್ನ ಮದುವೆ ಕಂಡವರ ಕಾರುಗಳ ಕೈಗೆ ಬಿತ್ತು.

ಮೊದಲ ದಿನವೇ ಒಬ್ಬ ಮಿಲಿಟರಿ ಕ್ಯಾಪ್ಟನ್ನರ ಕೆಂಪು ಸ್ಪೋರ್ಟ್ಸ್ ಕಾರು ಬಂತು. ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ನಮ್ಮ ಹಿರಿಯ ಮೇಸ್ತ್ರಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು: "ಅರೆ ಬೀಎಸ್ಸಿ ಸಾಬ್, ಇಂಜಿನ್ನು ಗಾಳಿ ಎಳ್ಕೊಳ್ಳೋದು ಎಲ್ಲಿಂದ, ತೋರ್ಸಿ."

ನಾನು ಗತ್ತಿನಿಂದ ಮುಂದಿನ ಜಾಲರಿ ತೋರಿಸಿದೆ.

"ಅದು ರೇಡಿಯೇಟರ್‌ದು, ನೀರು ತಣ್ಣಗೆ ಮಾಡೋಕೆ. ಮೂಗು ಇಲ್ಲಿದೆ ನೋಡಿ!" ಬಾನೆಟ್ಟಿನ ಎಡಪಕ್ಕದಲ್ಲಿ, ಕೆಳಗೆ, ತಂಬಿಗೆ ಬಾಯಿಯಷ್ಟು ಅಗಲದ ತೂತು, ಅದಕ್ಕೊಂದು ಸಣ್ಣ ಜಾಲರಿ.

"ಪಕ್ಕದಲ್ಲಿ ಯಾಕೆ?" ಎಂದೆ.

"ಈ ಕಾರು ಮಾಡ್ದೋನಿಗೆ ಮೂಗಿಗೂ ಕಿವಿಗೂ ಫರಕ್ ಗೊತ್ತಿಲ್ಲ ಸಾಬ್. ನಿಮ್ಮಂಗೇ ಕಾಲೇಜ್ ಓದಿರ್ಬೇಕು!"

೨. ಕೊಡೆ

ನಗು ಮುಗಿಸಿ ಮೇಸ್ತ್ರಿ ಇನ್ನೊಂದು ಮಾತು ಸೇರಿಸಿದ್ದರು: "ಮೂಗು ಕೆಳಗಿದೆ, ಹುಷಾರ್. ಅಲ್ಲಿ ನೀರು ಹೋದ್ರೆ ಇಂಜಿನ್ ಖತಂ. ನಿಮ್ ನೌಕರಿನೂ ಖತಂ."

ಆವತ್ತಿನಿಂದ ನನಗೆ ಮೋಡ ಕಂಡರೆ ಎದೆ ಡವಡವ. ಆಗಸ್ಟ್‌ನಲ್ಲಿ ಒಂದು ದಿನ, ಇಂಜಿನ್ನಿನ ಸದ್ದು ಕೇಳಿಸಲೆಂದು ಕ್ಯಾಪ್ಟನ್ ಸಾಹೇಬರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಹಲಸೂರು ಕೆರೆಯ ಹತ್ತಿರ ಬರುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ನನ್ನ ಕೈಯಲ್ಲಿ ಕೊಡೆಯಿತ್ತು. ಬಿಚ್ಚಿದೆ. ಸಾಹೇಬರು ನಗುತ್ತಾ ತಲೆ ನನ್ನ ಕಡೆ ಬಾಗಿಸಿದರು. ನಾನೋ ಸೀಟಿನಿಂದ ಅರ್ಧ ಹೊರಗೆ ಜೋತುಬಿದ್ದು, ಕೊಡೆಯನ್ನು ಆ ತೂತಿಗೆ ಹಿಡಿದೆ! ಬಾಡಿಗೆ ಕುದುರೆಗಾಡಿಯವರೆಲ್ಲ ಗಾಡಿ ನಿಲ್ಲಿಸಿ ನೋಡಿದರು.

ಗ್ಯಾರೇಜಿಗೆ ಬಂದಾಗ ಸಾಹೇಬರ ಮೀಸೆಯಿಂದ ನೀರು ಸೋರುತ್ತಿತ್ತು. ಮಾಲೀಕರಿಗೆ ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ಹುಡುಗ ಬಹಳ ನಿಷ್ಠಾವಂತ. ನನಗೆ ನ್ಯುಮೋನಿಯಾ ಬಂದರೂ ಕಾರಿಗೆ ನೆಗಡಿ ಬರಗೊಡುವುದಿಲ್ಲ."

೩. ಧಾರಾಳ ಪೂಜೆ

ಆಯುಧಪೂಜೆ ಬಂತು. ನನ್ನ ಭವಿಷ್ಯ ತೀರ್ಮಾನವಾಗುವ ದಿನ. ಕೆಂಪು ಕಾರಿಗೆ ಸೇವಂತಿಗೆ ಹಾರ ಹಾಕಿ, ದೀಪಗಳಿಗೆ ಗಂಧ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದೆವು. ಹೊರಮಾವಿನ ಯಜಮಾನರು ಹೊಸ ಪೇಟ ಸುತ್ತಿಕೊಂಡು, ತಾಂಬೂಲದ ಗಂಟಿನ ಸಮೇತ ಬಂದರು. ನನ್ನ ಜಂಭ ಕೇಳಬೇಕೆ? "ನೋಡಿ, ಎಲ್ರೂ ಮುಂದೆ ಇದೆ ಅನ್ಕೋತಾರೆ. ಈ ಕಾರಿನ ಉಸಿರು ಇರೋದು ಇಲ್ಲಿ, ಪಕ್ಕದಲ್ಲಿ!" ಎಂದು ಆ ತೂತು ತೋರಿಸಿ, ಬೂದುಗುಂಬಳ ತರಲು ಒಳಗೆ ಹೋದೆ.

ಹತ್ತು ಗಂಟೆಗೆ ಕ್ಯಾಪ್ಟನ್ ಸಾಹೇಬರು ಬಂದರು. ಕುಂಬಳ ಒಡೆದೆವು. ಕಾರು ಸ್ಟಾರ್ಟ್ ಮಾಡಿದರು. ನಿಂಬೆಹಣ್ಣು ಚಪ್ಪಟೆಯಾಯಿತು, ಕಾರು ಬಾಗಿಲವರೆಗೆ ಬಂತು, ಕೆಮ್ಮಿತು, ನಿಂತಿತು.

ಮಾಲೀಕರು ನನ್ನನ್ನೇ ದುರುಗುಟ್ಟಿ ನೋಡಿದರು. ಯಜಮಾನರು ತಾಂಬೂಲದ ಗಂಟನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದರು. ಮೇಸ್ತ್ರಿ ಪ್ಲಗ್ಗು ಬಿಚ್ಚಿದರು, ಪೆಟ್ರೋಲ್ ನೋಡಿದರು, ಎಲ್ಲ ಸರಿ. ಕೆಳಗೇನಾದರೂ ಸಿಕ್ಕಿಕೊಂಡಿದೆಯೇ ನೋಡೋಣವೆಂದು ನಾನು ಎಡಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಕೂತರೆ ಕಂಡದ್ದೇನು? ಆ ಜಾಲರಿ ತುಂಬ ಬೆರಳು ದಪ್ಪ ಗಂಧ, ನಡುವೆ ಬಿಲ್ಲೆಯಷ್ಟಗಲ ಕುಂಕುಮ, ಮೇಲೊಂದು ಸೇವಂತಿಗೆ!

ತಲೆ ಎತ್ತಿದೆ. ಯಜಮಾನರು ಬಗ್ಗಿ ಪಿಸುಗುಟ್ಟಿದರು: "ಅಲ್ಲಪ್ಪಾ, ದೀಪಕ್ಕೆಲ್ಲ ಗಂಧ ಇಟ್ಟು ಉಸಿರಿರೋ ಜಾಗನೇ ಮರ್ತುಬಿಟ್ಟಿದ್ರಲ್ಲ! ನಾನೇ ಧಾರಾಳವಾಗಿ ಹಚ್ಚಿದೀನಿ."

ಹೇಳಿದರೆ ಹೆಣ್ಣು ಹೋಯಿತು, ಹೇಳದಿದ್ದರೆ ಕೆಲಸ ಹೋಯಿತು. "ಒಂದೇ ನಿಮಿಷ ಸಾರ್, ಪೂಜೆ ಸ್ವಲ್ಪ ಬಾಕಿ ಇದೆ" ಎಂದವನೇ ನನ್ನ ಹೆಗಲ ಮೇಲಿನ ಹೊಸ ಶಲ್ಯದಿಂದ ಕೈಗೆ ಸಿಕ್ಕಷ್ಟು ಗಂಧ ಒರೆಸಿದೆ. "ಈಗ ಸ್ಟಾರ್ಟ್ ಮಾಡಿ!"

ಯಜಮಾನರು ಕೈಮುಗಿದು ಇನ್ನೂ ಬಗ್ಗಿಯೇ ಇದ್ದರು. ಕಾರು 'ಢಬ್' ಎಂದು ಸೀನಿತು. ಒಳಗುಳಿದಿದ್ದ ಗಂಧ, ಕುಂಕುಮ, ಸೇವಂತಿಗೆ ಎಸಳು, ಅಷ್ಟೂ ಅವರ ಮುಖಕ್ಕೆ! ಇಂಜಿನ್ ಗುರ್ರೆಂದಿತು. ಯಜಮಾನರು ಕಣ್ಣು ಮಿಟುಕಿಸಿ, ಹಣೆ ಮುಟ್ಟಿ, ಬೆರಳು ನೋಡಿಕೊಂಡು ಗಂಭೀರವಾಗಿ ಹೇಳಿದರು: "ಒಪ್ಕೊಳ್ತು ಕಣಪ್ಪಾ. ಪ್ರಸಾದ ಕೊಡ್ತು."

ಕ್ಯಾಪ್ಟನ್ ಸಾಹೇಬರು ನಕ್ಕು ನಕ್ಕು ಸ್ಟಿಯರಿಂಗಿನ ಮೇಲೆ ತಲೆಯಿಟ್ಟರು. ಮಾಲೀಕರು "ಮೂಗು ಎಲ್ಲಿದೆ ಅಂತ ಕೊನೆಗೂ ಕಲಿತ್ರಲ್ಲ, ಖಾಯಂ ಹೋಗ್ರೀ" ಎಂದರು. ಆ ಕುಂಕುಮದ ಮುಖದಲ್ಲೇ ಮಾವನವರು ತಾಂಬೂಲದ ಗಂಟು ಬಿಚ್ಚಿದರು.

ಮದುವೆಯಾದ ದಿನ ಯಾವುದೆಂದು ಮನೆಯವರು ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಆದರೆ ಆ ಕಾರು ಸೀನಿದ ದಿನ ಯಾವುದೆಂದು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ: ನಲವತ್ತಾರನೇ ಇಸವಿಯ ಆಯುಧಪೂಜೆಯ ದಿನ.