ಭಾವನ ಕ್ವೆಂಕಾ ಪಾರಾಯಣ

ನಮ್ಮ ಭಾವನ್ನ ಊಟಕ್ಕೆ ಕರೆಯೋ ಪ್ಲಾನ್ ಇದ್ರೆ, ಮನೇಲಿರೋ ಮ್ಯಾಪು, ಗ್ಲೋಬು ಎಲ್ಲ ಮೊದಲು ಬಚ್ಚಿಡಿ. ಇಲ್ಲಾಂದ್ರೆ ಸಾರು ತಣ್ಣಗಾಗುತ್ತೆ, ಅವರು ಮಾತ್ರ ದಕ್ಷಿಣ ಅಮೆರಿಕದಿಂದ ವಾಪಸ್ ಬರಲ್ಲ!

ಭಾವ ಅಂದ್ರೆ ಅಕ್ಕನ ಗಂಡ. ಸವದತ್ತಿ ಕಡೆಯವರು, ಈಗ ಅಮೆರಿಕದ ಮೆಟುಚೆನ್‌ನಲ್ಲಿ ಮನೆ. ಮನೆ ಹತ್ತಿರದ ಹೈವೇ ರೂಟ್ ಒನ್‌ನಲ್ಲಿ ಇವತ್ತಿಗೂ ಎಕ್ಸಿಟ್ ತಪ್ಪಿಸೋ ಮನುಷ್ಯ. ಆದ್ರೆ ಈಕ್ವೆಡಾರ್‌ನ ಕ್ವೆಂಕಾ ಊರು ಗಲ್ಲಿಗಲ್ಲಿ ಬಾಯಿಪಾಠ. ಒಂದ್ಸಲಾನೂ ಹೋಗಿಲ್ಲ!

ಯಾಕೆ ಅಂತೀರಾ? ಮಗಳು ಮದುವೆ ಆಗೋ ಹುಡುಗ ಜ್ಯಾಕ್ಸನ್ ಹೈಟ್ಸ್‌ನವನು, ಮನೆಯವರು ಮೂಲತಃ ಕ್ವೆಂಕಾದವರು. ಅವನನ್ನ ಸಾಕಿದ್ದು ಅಜ್ಜಿ. ಆ ಅಜ್ಜಿ ಜೊತೆ ಮೊದಲನೇ ವಿಡಿಯೋ ಕಾಲ್‌ನಲ್ಲೇ ಭಾವ ಅಕ್ಕನ ಕಡೆ ತಿರುಗಿ, "ಕ್ವೆಂಕಾ? ಅದು ಆಫ್ರಿಕಾದಾಗ ಬರ್ತದಲ್ಲಾ?" ಅಂದ್ಬಿಟ್ರು. ಅಜ್ಜಿಗೆ ಕನ್ನಡ ಬರಲ್ಲ ಸರಿ, ಆಫ್ರಿಕಾ ಅರ್ಥ ಆಗಲ್ವಾ? ನಮ್ಮೂರು ಯಾವ ಖಂಡದಲ್ಲಿದೆ ಅಂತಾನೂ ಗೊತ್ತಿಲ್ಲದವರ ಮನೆ ಮದುವೆಗೆ ನಾನು ಬರಲ್ಲ ಅಂದ್ರು. ಅಜ್ಜಿ ಬರದೆ ಡೇಟ್ ಫಿಕ್ಸ್ ಮಾಡಲ್ಲ ಅಂದ ಹುಡುಗ. ಮಗಳು ಅಪ್ಪನ ಜೊತೆ ಮಾತು ಬಿಟ್ಲು.

ಶುರುವಾಯ್ತು ನೋಡಿ ಪಾರಾಯಣ! ಬೆಳಗ್ಗೆ ಚಹಾ ಜೊತೆ ಅಲ್ಲಿನ ಮೂಲನಿವಾಸಿ ಕಾನ್ಯಾರಿ ಜನ, ಮಧ್ಯಾಹ್ನ ಇಂಕಾಗಳು, ಸಂಜೆ ಹೊತ್ತಿಗೆ ಸ್ಪೇನಿನವರ ದಂಡು. ಪಲ್ಯಕ್ಕೆ ಉಪ್ಪು ಸಾಕಾ ಅಂತ ಅಕ್ಕ ಕೇಳಿದ್ರೆ, ಎಂಟು ಸಾವಿರ ಅಡಿ ಎತ್ತರ ಅನ್ನೋ ಉತ್ತರ. ಸ್ಪ್ಯಾನಿಷ್‌ನಲ್ಲಿ ಕ್ವೆಂಕಾ ಅಂದ್ರೆ ಬೋಗುಣಿಯಂತೆ; ಸುತ್ತ ಬೆಟ್ಟ, ನಡುವೆ ಊರು. ಅದನ್ನ ತೋರಿಸೋಕೆ ಭಾವ, ಅಕ್ಕ ಹಿಟ್ಟು ನಾದೋ ಬೋಗುಣೀನೇ ಎತ್ಕೊಂಡು ಹೋಗಿ, ಮಧ್ಯ ಸಕ್ಕರೆ ಡಬ್ಬಿ ಇಟ್ಟು ಚರ್ಚ್ ಕಟ್ಟಿದ್ರು. ಅವತ್ತು ಚಪಾತಿ ಇಲ್ಲ, ಪಿಜ್ಜಾ!

ಹತ್ತಿರದ ಕೆಂಡಲ್ ಪಾರ್ಕ್‌ನಲ್ಲಿ ಕನ್ನಡದವರ ಪಾಟ್‌ಲಕ್ ಊಟಕ್ಕೆ ಪಾಪ, ಡಾಕ್ಟ್ರೊಬ್ಬರು ಹೊಸ ಪನಾಮ ಹ್ಯಾಟ್ ಹಾಕ್ಕೊಂಡು ಬಂದಿದ್ರು. ಭಾವ ಬಿಡ್ತಾರಾ? "ಪನಾಮದ್ದಲ್ರೀ ಅದು. ನಮ್ಮ ಬೀಗರ ಊರಾಗ ಹೆಣೀತಾರ." ಬೀಗರೇ ಇನ್ನೂ ಒಪ್ಪಿಲ್ಲ, ಆಗ್ಲೇ ಟೋಪಿ ನಮ್ಮದಾಗಿತ್ತು!

ಕೊನೆಗೂ ಎಲ್ಲ ಸೇರಿ ಜ್ಯಾಕ್ಸನ್ ಹೈಟ್ಸ್‌ಗೆ, ಅಜ್ಜಿ ಮನೆಗೆ ಹೋದ್ವಿ. ಟ್ರಾನ್ಸ್‌ಲೇಟ್ ಮಾಡೋಕೆ ಹುಡುಗ ನಿಂತ. ಅಜ್ಜಿ ಕೈಕಟ್ಟಿ ಕೂತಿದ್ರು. ಭಾವ, ವೈವಾಗೆ ಬಂದ ಸ್ಟೂಡೆಂಟ್ ಥರ ಬೆವರ್ತಾ, ಆ ಊರಿನ ನಾಲ್ಕು ನದಿ ಹೇಳೋಕೆ ಶುರು ಮಾಡಿದ್ರು. "ತೋಮೆಬಾಂಬಾ. ಯನುಂಕಾಯ್. ತಾರ್ಕಿ..."

ನಾಲ್ಕನೇದು ಬರ್ತಾ ಇಲ್ಲ. ಮಗಳು ಕಣ್ಣು ಮುಚ್ಕೊಂಡ್ಲು.

"ಮಲಪ್ರಭಾ," ಅಂದ್ರು ಭಾವ.

ನಗು ತಡ್ಕೊಳ್ಳೋಕೆ ನಾನು ಸುಮ್ಸುಮ್ನೆ ಕೆಮ್ಮಿದೆ. ಅಜ್ಜಿ ನಗಲಿಲ್ಲ. ಅದು ಯಾರ ನದಿ ಅಂತ ಮೊಮ್ಮಗನ ಕೈಲಿ ಕೇಳಿಸಿದ್ರು.

"ನಮ್ದು," ಅಂದ್ರು ಭಾವ. "ಅಪ್ಪ ಅಲ್ಲೇ ನನಗ ಈಜು ಕಲಿಸಿದ್ದು." ಅಷ್ಟಕ್ಕೇ ನಿಲ್ಲಿಸಿ ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದ್ರು. ಇಷ್ಟು ವರ್ಷದಲ್ಲಿ ಅವರಪ್ಪನ ವಿಷಯ ಅವರ ಬಾಯಲ್ಲಿ ನಾನು ಕೇಳಿದ್ದೇ ಅವತ್ತು.

ಅಜ್ಜಿ ಎದ್ದು ಬಂದು ಅವರ ಪಕ್ಕ ಕೂತ್ರು. ಮೊಮ್ಮಗನಿಗೆ ಮೆಲ್ಲಗೆ ಏನೋ ಹೇಳಿದ್ರು. ಅವನು ಅದನ್ನ ಇಂಗ್ಲಿಷ್‌ನಲ್ಲಿ ಹೇಳಿದ. ಮದುವೆ ದಿನ ಅಜ್ಜಿ ಇವರ ಪಕ್ಕಾನೇ ಕೂರ್ತಾರಂತೆ. ಆ ನದಿ ಕಥೆ ಪೂರ್ತಿ ಕೇಳಬೇಕಂತೆ.