ಹೆಪ್ಪು ಹತ್ತದ ಹಾಲು

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ತಾಂಬಾದ ಪೈಲ್ವಾನ ಮಾನಪ್ಪನ ತೊಡೆಯ ಮೇಲೊಂದು ಕುರು ಎದ್ದಿತು. ಹತ್ತಿರದ ಇಂಡಿ ಪಟ್ಟಣದ ಡಾಕ್ಟರು ಕೊಟ್ಟ ಗುಳಿಗೆ ನುಂಗಿದ. ಕುರು ಒಣಗಿತು, ಹೊಟ್ಟೆ ಹರಿಯತೊಡಗಿತು. ಉಳಿದ ಗುಳಿಗೆಗಳನ್ನು ಅವನ ತಾಯಿ ಗುಂಡವ್ವ ಗೋಡೆಯ ಮಾಡದಲ್ಲಿ ಜೋಪಾನವಾಗಿ ಇಟ್ಟಳು.

ವಾರವಾದರೂ ಹೊಟ್ಟೆ ನಿಲ್ಲಲಿಲ್ಲ. ಅಂದು ಮುಂಜಾನೆ ಗರಡಿಯಲ್ಲಿ ವಸ್ತಾದ ಬಂದಗಿಸಾಬ ಗದರಿದ.

"ಮೈ ಸಡ್ಲ ಬಿಟ್ಟಿ, ಅದಕ್ಕ ಹೊಟ್ಟಿ ಸಡ್ಲಾಗೇತಿ. ಹೊಡಿ ಬೈಠಕ್!"

ಕುಳಿತ ಮಾನಪ್ಪ ಎದ್ದವನೇ ಚೆಂಬು ಹಿಡಿದು, ಹಗ್ಗ ಹರಿದ ಹೋರಿಯಂತೆ ಬಯಲಿಗೆ ಓಡಿದ.

ಮನೆಯಲ್ಲಿ ಬೇರೆಯೇ ಬೆಂಕಿ. ಅಷ್ಟೂ ದಿನ ಮನೆಯ ಎಮ್ಮೆಯ ಹಾಲು ಮೊಸರಾಗಿರಲಿಲ್ಲ. ಹೊಸ ಸೊಸೆ ಶಂಕ್ರೆವ್ವ ಕಣ್ಣೊರೆಸುತ್ತ ಗಡಿಗೆ ತಿಕ್ಕುತ್ತಿದ್ದಳು.

"ಬಾಜೂ ಮನಿ ಹೆಪ್ಪು ತಂದು ಹಾಕೇನ್ರಿ ಅತ್ತಿ. ಹಾಲು ಹಾಲಾಗೇ ಐತ್ರಿ."

ನೆರೆಯ ಮರೆವ್ವ ಕಟ್ಟೆಯ ಮೇಲೆ ಕೂತೇ ತೀರ್ಪು ಕೊಟ್ಟಳು: "ಗಡಿಗ್ಯಾಗ ಮೊಸರು ನಿಂದ್ರವಲ್ದು, ಗಂಡನ ಹೊಟ್ಟ್ಯಾಗ ಅನ್ನ ನಿಂದ್ರವಲ್ದು. ಎರಡಕ್ಕೂ ಬಡಿಸೂ ಕೈ ಒಂದ ಐತಿ ನೋಡ ಗುಂಡಕ್ಕ."

"ಸುಮ್ನಿರಬೇ, ಡಾಕ್ಟರ ಕಡೆ ಹೋಗಿ ಬರ್ತೇನಿ," ಎಂದು ಬಯಲಿನಿಂದ ಬಂದ ಮಾನಪ್ಪ ಇಂಡಿಗೆ ಹೋಗುವ ಬಸ್ಸು ಹತ್ತಿದ.

ಡಾಕ್ಟರು ನಕ್ಕರು. "ಹಾಲಿಗೆ ಹೆಪ್ಪು ಇದ್ಹಾಂಗ ಹೊಟ್ಟ್ಯಾಗೂ ಕಣ್ಣಿಗೆ ಕಾಣದ ಒಳ್ಳೆ ಜೀವ ಇರ್ತಾವ. ಗುಳಿಗಿ ಕುರುವಿನ ಹುಳಾನೂ ಕೊಂದ್ವು, ಅವನ್ನೂ ಕೊಂದ್ವು. ಸಾಮು ಮಾಡೂದು ಹೊಟ್ಟಿಗೂ ಚಲೋನ. ಆದ್ರ ಈಗ ಹಗೂರ ಅಡ್ಡಾಡು. ಮೊಸರು ಉಣ್ಣು."

"ಮನ್ಯಾಗ ಮೊಸರ ಆಗವಲ್ದ್ರಿ."

ಡಾಕ್ಟರ ನಗು ನಿಂತಿತು. "ಉಳಿದ ಗುಳಿಗಿ ಎಲ್ಲಿ ಅದಾವು?"

ಮಾನಪ್ಪ ಮನೆಗೆ ಬಂದಾಗ ಮಾಡ ಖಾಲಿ ಇತ್ತು. ಗುಂಡವ್ವ ಎಮ್ಮೆಯ ಮೈ ಸವರುತ್ತಿದ್ದಳು.

"ಇದರ ಕೆಚ್ಚಲ ಬಾತಿತ್ತಪಾ. ನಿನ್ನ ಕುರು ಒಣಗಿಸಿದ ಗುಳಿಗಿ ಯಾಕ ಹಾಳ ಮಾಡಬೇಕಂತ ಹಿಂಡ್ಯಾಗ ಕಲಸಿ ತಿನಿಸಿದೆ. ಮೊನ್ನಿಗೇ ತೀರಿದ್ವು. ಬಾವು ಹ್ಯಾಂಗ ಇಳದೈತಿ ನೋಡು!"

"ಎವ್ವಾ, ಹಾಲಾಗ ಇಳದು ಹೆಪ್ಪು ಕೊಂದಾವ ಅವ ಗುಳಿಗಿ! ಶಂಕ್ರೆವ್ವ ಎಲ್ಲಿ?"

"ಮಧ್ಯಾಹ್ನದ ಬಸ್ಸಿಗೆ ತವರಿಗೆ ಕಳಿಸಿದೆ."

ಮಾನಪ್ಪ ಚೆಂಬು ಹಿಡಿದು ದಾರಿಯ ಜಾಲಿಗಿಡಗಳನ್ನೆಲ್ಲ ಮಾತಾಡಿಸುತ್ತ ಅವಳ ತವರೂರು ಕನ್ನೊಳ್ಳಿ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಎಲ್ಲ ಕೇಳಿದ ಶಂಕ್ರೆವ್ವ ಬಾಗಿಲು ದಾಟಲಿಲ್ಲ.

"ತಪ್ಪು ನಂದಲ್ಲ ಅಂತ ಅತ್ತಿ ಓಣಿ ಮುಂದ ಅನ್ನಲಿ. ಆಮ್ಯಾಲ ಬರ್ತೇನಿ."

ನ್ಯಾಯದ ಮಾತು. ಅವ್ವನನ್ನು ಹೇಗಾದರೂ ಒಪ್ಪಿಸಬೇಕೆಂದು ಮಾನಪ್ಪ ನಸುಕಿನಲ್ಲೇ ಊರಿಗೆ ಮರಳಿದ. ಓಣಿಗೆ ಓಣಿಯೇ ಅವನ ಮನೆಯ ಮುಂದೆ ನೆರೆದಿತ್ತು. ನಡುವೆ ಗುಂಡವ್ವ, ಕೈಯಲ್ಲಿ ಗಡಿಗೆ.

"ನೋಡ್ರಿ ಎಲ್ಲಾರೂ! ಅದ ಎಮ್ಮಿ, ಅದ ಗಡಿಗಿ. ಆಕಿ ಹೋಗಿ ಒಂದು ರಾತ್ರಿ ಕಳದಿಲ್ಲ, ಮೊಸರು ಹ್ಯಾಂಗ ಕೂತೈತಿ!"

"ಎವ್ವಾ, ಗುಳಿಗಿ ತೀರಿದ್ದಕ್ಕ..." ಎಂದ ಮಾನಪ್ಪ. ಯಾರೂ ಕಿವಿಗೊಡಲಿಲ್ಲ.

ಮರೆವ್ವ ಅವನ ಅಂಗೈಗೆ ಒಂದು ಸೌಟು ಮೊಸರು ಸುರಿದಳು. "ತಿನ್ನೋ ತಮ್ಮಾ. ನಿನ್ನ ಹೊಟ್ಟಿಗೆ ಇದ ಔಷಧ ಅಂದಿದ್ರಂತಲ್ಲ ಡಾಕ್ಟರು."

ಮೊಸರು ಕಲ್ಲಿನಂತೆ ಗಟ್ಟಿಯಾಗಿತ್ತು. ಮಾನಪ್ಪ ಅದನ್ನು ತಿನ್ನದೆ ಮರಳಿ ಗಡಿಗೆಗೇ ಹಾಕಿದ.